ಎರಡಾಳು ನೀರು

೧

ಎಳ್ಳ ಅಮಾಸಿಗೆ ಎಂಟು ದಿನ ಉಳಿದಿದ್ದವು. ಬಿಳಿಜೋಳ ಹಾಲುಗಾಳಾಗಿತ್ತು, ಎರೆಹೊಲದ ಮೇಲಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಹೊತ್ತು ಮಾರುದ್ದ ಏರಿತ್ತು. ಕಥೆ ಶುರುವಾದದ್ದು ಆಗ. ಆದರೆ ಅಲ್ಲಿಂದಲೇ ಶುರು ಮಾಡಬೇಕೇ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಹಳ್ಳದಿಂದ ಶುರು ಮಾಡಿದರೆ ನೀವು ಮಳೆ ಬಂದೀತೆಂದು ಕಾಯುತ್ತ ಕೂಡುತ್ತೀರಿ. ಕಥೆ ನಡೆಯುವಷ್ಟು ದಿನ ಒಂದು ಹನಿಯೂ ಬೀಳುವುದಿಲ್ಲ. ಕಾಲೇಜಿನಿಂದ ಶುರು ಮಾಡೋಣವೆಂದರೆ ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಾಲಸಿದ್ದಪ್ಪನ ಹೆಬ್ಬೆರಳಿನಿಂದ ಶುರು ಮಾಡಬಹುದಿತ್ತು. (ಮಾಡಿ ನೋಡಿದೆ. ಮೂರು ಪುಟ ಬರೀ ಬೆರಳೇ ಆಯಿತು. ಹರಿದು ಒಲೆಗೆ ಹಾಕಿದೆ.)

ರಸ್ತೆ ಇದ್ದದ್ದಂತೂ ಖರೆ. ರೋಣದಿಂದ ನರಗುಂದಕ್ಕೆ ಹೋಗುವ ರಸ್ತೆ ನಡುವೆ ಒಂದು ಹಳ್ಳಕ್ಕೆ ಇಳಿದು ಆಚೆ ಏರುತ್ತದೆ. ಹಳ್ಳದ ಹೆಸರು ಬರೆಯುವುದಿಲ್ಲ. ಈ ಕಡೆಯವರಿಗೆ ಬರೆಯದೆಯೂ ಗೊತ್ತಾಗುತ್ತದೆ, ಉಳಿದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದದ್ದೇನೂ ಇಲ್ಲ. ಆಗ ಅಲ್ಲಿ ಸೇತುವೆ ಇರಲಿಲ್ಲ. ಹಳ್ಳದ ತಳಕ್ಕೆ ಕಲ್ಲು ಹಾಸಿದ್ದರು. ನೀರು ಬಂದರೆ ರಸ್ತೆ ಬಂದ್. ಆ ರಸ್ತೆ ನೋಡಿಕೊಳ್ಳುವ ಗ್ಯಾಂಗಿಗೆ ಹಾಲಸಿದ್ದಪ್ಪ ಮುಕಾದಮ, ಅಂದರೆ ಮೇಸ್ತ್ರಿ. ಗಜೇಂದ್ರಗಡದವನು. ಅವರ ಮನೆತನದವರೆಲ್ಲ ಗುಡ್ಡದ ಬುಡದಲ್ಲಿ ಬಾವಿ ತೋಡುವವರು. ಅವನ ಹೆಂಡತಿ ಶೇಖವ್ವ ಅದೇ ಗ್ಯಾಂಗಿನಲ್ಲಿ ರಸ್ತೆಗೆ ಹಾಕುವ ಖಡಿ ಕಲ್ಲು ಹೊರುತ್ತಿದ್ದಳು. ನಾನೂ ಅದೇ ಗ್ಯಾಂಗಿನವನು. ಮೂರನೇ ಇಯತ್ತೆಯವರೆಗೆ ಕಲಿತವನು ನಾನೊಬ್ಬನೇ ಇದ್ದುದರಿಂದ ಯಾರಿಗೆ ಕಾಗದ ಬಂದರೂ ಓದುವುದು ನನ್ನ ಪಾಲಿಗೆ ಬರುತ್ತಿತ್ತು. ಈ ಕಥೆಯಲ್ಲಿ ನನ್ನ ಕೆಲಸವೂ ಅಷ್ಟೇ.

೨

ಆ ಬೆಳಿಗ್ಗೆ ನರಗುಂದದ ಬಸ್ಸಿನಿಂದ ವಾಸುದೇವ ಇಳಿದ. ನರಗುಂದದ ಭೀಮಾಬಾಯಿಯವರ ಮಗ. ತಂದೆ ಇಲ್ಲ. ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದ, ಕಡೆಯ ವರ್ಷ. ಪರೀಕ್ಷೆಗೆ ಕೂಡುವ ಮುಂಚೆ ಒಬ್ಬೊಬ್ಬನೂ ಒಂದೊಂದು ಕಾಮಗಾರಿಯ ರಿಪೋರ್ಟು ಬರೆದು ಕೊಡಬೇಕಂತೆ. ಇವನು ನಮ್ಮ ಹಳ್ಳಕ್ಕೆ ಸೇತುವೆ ಕಟ್ಟುವುದನ್ನು ಹಿಡಿದಿದ್ದ. ಮೂರು ಕಾಲಿನ ಲೆವೆಲ್ ಯಂತ್ರ, ಸರಪಳಿ, ಕೆಂಪು ಬಿಳಿ ಪಟ್ಟಿ, ಗ್ಯಾಂಗಿನವರು ಮೂರು ದಿನ ಸಹಾಯ ಮಾಡಬೇಕೆಂಬ ಆಫೀಸಿನ ಚೀಟಿ, ಇವಿಷ್ಟು ತಂದಿದ್ದ.

ಊಟದ ಹೊತ್ತಿಗೆ ಅವನು ತಾನು ಕಲಿಯುವ ಪೇಪರುಗಳ ಹೆಸರು ಒಂದೊಂದೇ ಹೇಳಿದ. ಭೂಮಿ ಅಳೆಯುವುದಕ್ಕೊಂದು, ನೀರು ಹರಿಯುವ ಲೆಕ್ಕಕ್ಕೊಂದು, ಕಲ್ಲು ಗಾರೆಗೊಂದು, ರೈಲಿಗೊಂದು. ರಸ್ತೆಗೇ ಒಂದು ಬೇರೆ ಪೇಪರು, ಗಾಡಿ ಎಷ್ಟು ಓಡಾಡುತ್ತವೆ, ರಸ್ತೆ ಎಷ್ಟು ಅಗಲ ಬೇಕು, ತಿರುವಿನಲ್ಲಿ ಯಾವ ಮಗ್ಗುಲು ಎತ್ತರ ಮಾಡಬೇಕು, ಎಲ್ಲ ಅದರಲ್ಲಿ ಬರುತ್ತದೆ. ಹಾಲಸಿದ್ದಪ್ಪ ರೊಟ್ಟಿ ಮುರಿಯುವುದು ಬಿಟ್ಟು ಕೇಳುತ್ತಿದ್ದ. ಇಪ್ಪತ್ತು ವರ್ಷ ತಾನು ಕಾಲಿನಿಂದ ತುಳಿದು, ಕಣ್ಣಿನಿಂದ ಅಂದಾಜು ಹಾಕಿ ಮಾಡಿದ್ದಕ್ಕೆ ಬೇರೆ ಬೇರೆ ಪುಸ್ತಕಗಳಿವೆಯೆಂಬುದು ಅವನಿಗೆ ಒಂದು ನಮೂನೆ ಸಂತೋಷವನ್ನೇ ಕೊಟ್ಟಿತು. ಶೇಖವ್ವನಿಗೆ ಹಾಗೆ ಅನಿಸಲಿಲ್ಲ.

"ರಸ್ತಾ ಮಾಡೂದಕ್ಕೂ ಸಾಲಿ ಐತೇನ್ರಿ ರಾಯರ? ನಾವು ಸಾಲಿ ಇಲ್ಲದನ ಮಾಡೇವಲ್ಲ."

"ಅದಕ್ಕನ ಹಳ್ಳ ಬಂದಾಗೊಮ್ಮೆ ಹರಕೊಂಡು ಹೋಗ್ತದ" ಎಂದ ವಾಸುದೇವ.

ಮೊದಲು ನಕ್ಕವಳು ಅವಳೇ. ಆಮೇಲೆ ಅವನ ಎಲೆಗೆ ಇನ್ನೊಂದು ರೊಟ್ಟಿ ಬಿತ್ತು.

೩

ಮೂರನೆಯ ದಿನ ಅವನು ಕೇಳಬೇಕಾದದ್ದನ್ನು ಕೇಳಿದ. ಈ ಹಳ್ಳಕ್ಕೆ ನೀವು ಕಂಡಂತೆ ಎಲ್ಲಕ್ಕೂ ಹೆಚ್ಚಿನ ನೀರು ಬಂದದ್ದು ಎಷ್ಟು ಎತ್ತರ? ರಿಪೋರ್ಟಿನ ಬುಡವೇ ಅದು. ನೀರಿನ ಎತ್ತರ ತಿಳಿದರೆ ರಸ್ತೆಯನ್ನು ಅದಕ್ಕಿಂತ ಎರಡು ಫೂಟು ಮೇಲೆ ಒಯ್ಯುವುದು. ಉಳಿದ ಲೆಕ್ಕವೆಲ್ಲ ಅದರ ಬೆನ್ನು ಹತ್ತಿ ಬರುತ್ತದೆ. ಆಫೀಸಿನಲ್ಲಿ ದಾಖಲೆ ಇರಲಿಲ್ಲ. ದಡದ ಗುರುತು ಕುಸಿದು ಹೋಗಿತ್ತು. ಉಳಿದದ್ದು ಮುಕಾದಮನ ಬಾಯಿ ಒಂದೇ.

ಹಾಲಸಿದ್ದಪ್ಪ ಹಳ್ಳದ ತಳಕ್ಕೆ ಇಳಿದ, ಆಚೆ ದಡ ನೋಡಿದ, ಮೇಲೆ ಬಂದ.

"ಎರಡಾಳು ನೀರು ಬಂದಿತ್ರಿ. ಸ್ವಾತಂತ್ರ್ಯ ಬಂದ ಮರುವರ್ಷ. ನಾನ ಅಳದೀನಿ."

ವಾಸುದೇವ ಅದನ್ನು ಕನ್ನಡದಲ್ಲಿ ಬರೆದುಕೊಂಡ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದ, ಕನ್ನಡದ್ದನ್ನು ಓದಿ ತೋರಿಸಿದ. ಹಾಲಸಿದ್ದಪ್ಪ ಶಾಯಿಗೆ ಹೆಬ್ಬೆರಳು ಒತ್ತಿ ಕೆಳಗೆ ಗುರುತು ಮೂಡಿಸಿದ. ಸಂಜೆಯ ಬಸ್ಸಿಗೆ ವಾಸುದೇವ ಹೋದ.

ಇಲ್ಲಿ ನಾನು ನಿಮಗೆ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಹೇಳದೆ ಬಚ್ಚಿಟ್ಟು ಕಡೆಗೆ ತೆಗೆದರೆ ಕಥೆ ರುಚಿಯಾದೀತು. ನನಗೆ ಆ ರುಚಿ ಬೇಡ. ಆಳು ಎಂದರೆ ಒಬ್ಬ ಮನುಷ್ಯನ ಎತ್ತರ. ನರಗುಂದದ ಕಡೆ ಕೆರೆಯ ನೀರು ಕುಡಿಯುವ ಜನ. ಅವರಿಗೆ ಆಳೆಂದರೆ ಅಂಗಾಲಿನಿಂದ ನೆತ್ತಿಯವರೆಗೆ, ಐದೂವರೆ ಫೂಟು. ಗಜೇಂದ್ರಗಡದ ಬಾವಿಯವರು ಹಾಗೆ ಅಳೆಯುವುದಿಲ್ಲ. ಬಾವಿಯ ತಳದಲ್ಲಿ ನಿಂತವನು ಎರಡೂ ಕೈ ಮೇಲೆತ್ತಬೇಕು, ಬೆರಳ ತುದಿಗೆ ಗುರುತು ಹಾಕಬೇಕು. ಮೇಲಿದ್ದವನು ಬಗ್ಗಿ ಹಿಡಿಯಬೇಕಾದದ್ದು ಕೆಳಗಿದ್ದವನ ನೆತ್ತಿಯನ್ನಲ್ಲ, ಕೈಯನ್ನು. ಅದಕ್ಕೇ ಆ ಅಳತೆ. ಅವರ ಒಂದು ಆಳು ಏಳೂವರೆ ಫೂಟು.

ಒಬ್ಬ ಹೇಳಿದ್ದು ಹದಿನೈದು. ಇನ್ನೊಬ್ಬ ಬರೆದುಕೊಂಡದ್ದು ಹನ್ನೊಂದು. ಇಬ್ಬರ ಬಾಯಲ್ಲೂ ಶಬ್ದ ಒಂದೇ, ಯಾರೂ ಸುಳ್ಳಾಡಲಿಲ್ಲ.

೩ (ಎರಡನೆಯ ಸಲ)

ಸ್ವಾತಂತ್ರ್ಯ ಬಂದ ಮರುವರ್ಷ ಹಾಲಸಿದ್ದಪ್ಪ ಹಳ್ಳವನ್ನು ಯಾಕೆ ಅಳೆದ ಎಂಬುದನ್ನು ಬಿಟ್ಟುಬಿಟ್ಟೆ. ಮೊದಲ ಸಲ ಬರೆದಾಗ ಹೀಗಿತ್ತು: ಹಾಲಸಿದ್ದಪ್ಪನ ಮಗಳು ದೇವವ್ವ ಗಂಡನ ಮನೆಗೆ ಹೊರಟಿದ್ದಳು, ಬಂಡಿ ಹಳ್ಳಕ್ಕೆ ಇಳಿಯಿತು, ಹೆತ್ತವನ ಕಣ್ಣೆದುರಿಗೇ...

ಇಷ್ಟು ಬರೆಯುವಷ್ಟರಲ್ಲಿ ಹಾಲಸಿದ್ದಪ್ಪ ಬಂದು ನನ್ನೆದುರು ಕೂತ. (ಅವನು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಬರೆಯಲು ಕೂತವನ ಮನೆಗೆ ಬರಲು ಅದೇನೂ ಅಡ್ಡಿಯಲ್ಲ.)

"ನನ್ನ ಮಗಳು ಯಾವಾಗ ಸತ್ಲೋ?"

ಕಥೆಗೆ ಬೇಕಾಗಿತ್ತು ಎಂದೆ. ಓದುವವರಿಗೆ ನಿನ್ನ ಸಂಕಟ ಮುಟ್ಟಬೇಕಲ್ಲ ಎಂದೆ.

"ಆ ಬಂಡ್ಯಾಗಿನ ಹೆಣ್ಮಕ್ಕಳು ಚಿಕ್ಕನರಗುಂದದವ್ರು. ಅವರ ಹೆಸರ ಸೈತ ನನಗ ಗೊತ್ತಿರಲಿಲ್ಲ. ನನ್ನ ಮಗಳಾದ್ರ ಮಾತ್ರ ಅಳ್ತಾರೇನು ನಿನ್ನ ಓದವ್ರು?"

ದೇವವ್ವನನ್ನು ಕಥೆಯಿಂದ ತೆಗೆದೆ. ಆಕೆ ಹೆಂಗೂ ನರೇಗಲ್ಲಿನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದವಳು.

ಹಾಗಾದರೆ ನಡೆದದ್ದು ಇದು. ಹಿಂಗಾರಿ ಮಳೆಯ ಒಂದು ಬೆಳಿಗ್ಗೆ ಹಾಸುಗಲ್ಲಿನ ಮೇಲೆ ಎರಡು ಫೂಟು ನೀರು ಹರಿಯುತ್ತಿತ್ತು. ಕೆಂಪು ಬಾವುಟ ಹಿಡಿದು ದಂಡೆಯಲ್ಲಿ ನಿಂತವನು ಹಾಲಸಿದ್ದಪ್ಪ. ಬಂಡಿಯೊಂದು ಬಂದು ನಿಂತಿತು. ಹೊಡೆಯುವವನೊಬ್ಬ, ಒಳಗೆ ಇಬ್ಬರು ಹೆಂಗಸರು. ಹೋಗಬಹುದೇ ಎಂದು ಕೇಳಿದರು. ಹಾಲಸಿದ್ದಪ್ಪ ನೀರು ನೋಡಿದ. "ಮೊಳಕಾಲ ಮಟ ಐತಿ, ಹೊಡಿ" ಎಂದು ಬಾವುಟ ಇಳಿಸಿದ. ಬಂಡಿ ನಡುವಿಗೆ ಹೋದಾಗ ಎತ್ತಿನ ಕಾಲು ಎದ್ದವು, ಬಂಡಿಯನ್ನು ನೀರು ಒಯ್ದಿತು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಇನ್ನೂ ನೀರು ಬಂದು ಹಳ್ಳ ದಡ ತುಂಬಿತು. ನೀರು ಇಳಿದ ಮೂರನೆಯ ದಿನ ಮೂವರನ್ನೂ ಹುಡುಕಿ ತೆಗೆದರು. ಅವತ್ತೇ ಹಾಲಸಿದ್ದಪ್ಪ ತಳದಲ್ಲಿ ನಿಂತು, ಕೈ ಎತ್ತಿ, ದಡದ ಕೆಸರಿನಲ್ಲಿ ಗುರುತು ಕೊರೆದು, ಮೆಟ್ಟಿಲು ಕಡಿದು ಅಲ್ಲಿ ನಿಂತು ಮತ್ತೊಮ್ಮೆ ಕೈ ಎತ್ತಿದ. ಯಾರೂ ಅವನನ್ನು ಅಳೆಯಲು ಹೇಳಿರಲಿಲ್ಲ.

ಅವನು ಆಮೇಲೆ ಒಂದು ಮಾತು ಹೇಳುತ್ತಿದ್ದ. ಆಳುದ್ದದ ನೀರು ಯಾರನ್ನೂ ಕೊಲ್ಲುವುದಿಲ್ಲ, ಅದಕ್ಕೆ ಯಾರೂ ಇಳಿಯುವುದಿಲ್ಲ. ಕೊಲ್ಲುವುದು ಮೊಳಕಾಲ ನೀರು.

೪

ಫೆಬ್ರುವರಿಯ ಕಡೆಯ ವಾರ ಹಾಲಸಿದ್ದಪ್ಪನ ಹೆಸರಿಗೆ ವಾಸುದೇವನ ಒಂದು ಕಾರ್ಡು ಬಂತು. ನಾನೇ ಓದಿದೆ. ಎಲ್ಲರಿಗೂ ನಮಸ್ಕಾರ, ಶೇಖವ್ವನವರ ರೊಟ್ಟಿಯ ನೆನಪಾಗುತ್ತದೆ, ಹದಿನಾಲ್ಕು ನಕ್ಷೆ ಮುಗಿದವು. ಆಮೇಲೆ ಈ ಸಾಲು: ನೀವು ಹೇಳಿದ ಹನ್ನೊಂದು ಫೂಟು ನೀರಿನ ಮೇಲೆ ಎರಡು ಫೂಟು ಬಿಟ್ಟು ಹದಿಮೂರಕ್ಕೆ ರಸ್ತೆ ಕೂಡಿಸಿದ್ದೇನೆ, ನಿಮ್ಮ ಹೆಬ್ಬೆಟ್ಟಿನ ಹೇಳಿಕೆಯನ್ನು ರಿಪೋರ್ಟಿನ ಮೊದಲಿಗೇ ಅಂಟಿಸಿದ್ದೇನೆ.

ಇನ್ನೊಮ್ಮೆ ಓದು ಎಂದ ಹಾಲಸಿದ್ದಪ್ಪ. ಓದಿದೆ. ಹನ್ನೊಂದು ಎಂಬಲ್ಲಿ ನನ್ನ ಬೆರಳು ಇಡಿಸಿ, ಇದೇ ಹೌದೇನು ಎಂದು ಕೇಳಿದ. ಹೌದೆಂದೆ.

ಹಾಲಸಿದ್ದಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಫೂಟು ಬರುತ್ತಿತ್ತು. ಖಡಿಯ ಗುಂಪು ಅಳೆದು ಅಳೆದು ಫೂಟಿನ ಮೇಲೆ ಅವನ ಕಣ್ಣು ಪಳಗಿತ್ತು. ಹದಿನೈದರಲ್ಲಿ ಹದಿಮೂರು ಕಳೆದರೆ ಎರಡು. ಎದ್ದು ಹೋಗಿ ಹಳ್ಳದ ದಂಡೆಯಲ್ಲಿ ಕೂತ. ಅಲ್ಲಿ ಇಲ್ಲದ ಸೇತುವೆ ಅವನಿಗೆ ಕಾಣುತ್ತಿತ್ತು, ಅದರ ಮೇಲೆ ಎರಡು ಫೂಟು ನೀರು ಹರಿಯುವುದೂ ಕಾಣುತ್ತಿತ್ತು. ಬಂಡಿ ಬಂದು ನಿಲ್ಲುತ್ತದೆ. ಹೋಗಬಹುದೇ ಎಂದು ಯಾರೋ ಕೇಳುತ್ತಾರೆ. ಈ ಸಲ ಹೊಡಿ ಎನ್ನುವುದು ಅವನ ಬಾಯಲ್ಲ, ಅವನ ಹೆಬ್ಬೆಟ್ಟು.

ಹುಬ್ಬಳ್ಳಿಗೆ ಹೋಗುತ್ತೇನೆ ಎಂದಾಗ ಶೇಖವ್ವ ಅವನನ್ನು ಬಿಡಲಿಲ್ಲ.

"ಒತ್ತಿದ ಹೆಬ್ಬಟ್ಟನ್ನ ಮತ್ತ ಬೆರಳಿಗೆ ಹಚಗೊಂಡು ಬರ್ತಿಯೇನು?"

"ಹಚಗೊಂಡು ಬರಾಕಲ್ಲ. ಅದರ ಮ್ಯಾಲಿಂದು ತಿದ್ದಿಸಿ ಬರಾಕ."

ಅವಳು ಬುತ್ತಿ ಕಟ್ಟಿದಳು, ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು. ಅವು ಯಾರಿಗೆಂದು ಹೇಳಲಿಲ್ಲ. ನನಗೂ ರಜೆ ಕೇಳಿದೆ. ಇಬ್ಬರಿಗೆ ಒಟ್ಟಿಗೆ ಕೊಡಲಿಲ್ಲ. ಆದುದರಿಂದ ಮುಂದಿನದನ್ನು ನಾನು ನೋಡಿಲ್ಲ. ಹಾಲಸಿದ್ದಪ್ಪ ತಿರುಗಿ ಬಂದ ಮೇಲೆ ಹೇಳಿದ್ದು ಹತ್ತು ಹನ್ನೆರಡು ಮಾತು, ಅವನ್ನೂ ವರ್ಷಗಟ್ಟಲೆ ಒಂದೊಂದಾಗಿ ಹೇಳಿದ. ನಡುವಿನ ಸಂದಿಗೆ ಮಣ್ಣು ತುಂಬಿ, ಬಡಿದು ದಮ್ಮಸು ಮಾಡಿದವನು ನಾನು. ಕಾಲಿಟ್ಟಲ್ಲಿ ಮೆತ್ತಗೆನಿಸಿದರೆ ಅದು ನನ್ನ ಕೆಲಸವೆಂದು ತಿಳಿಯಿರಿ.

೫

ಶಿವರಾತ್ರಿ ಕಳೆದಿತ್ತು. ಹಾಸ್ಟೆಲಿನ ಕೋಣೆಯ ಗೋಡೆಗೆ ನಕ್ಷೆಗಳು ತೂಗುಬಿದ್ದಿದ್ದವು, ಅರಿವೆಯಂಥ ಕಾಗದದ ಮೇಲೆ ಕಪ್ಪು ಶಾಯಿಯ ಗೆರೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ರಿಪೋರ್ಟು ಕೊಡುವ ಗಡುವು. ಮುಕಾದಮ ಬಾಗಿಲಲ್ಲಿ ನಿಂತದ್ದು ನೋಡಿ ವಾಸುದೇವನಿಗೆ ಖುಷಿಯಾಯಿತು. ಆ ಖುಷಿ ಎಷ್ಟು ಹೊತ್ತು ಉಳಿಯಿತೆಂದು ಹಾಲಸಿದ್ದಪ್ಪ ನನಗೆ ಹೇಳಲಿಲ್ಲ.

ನೀರು ತಪ್ಪು ಬರೆದೀರಿ ಎಂದ ಹಾಲಸಿದ್ದಪ್ಪ. ಇಲ್ಲ, ನೀವೇ ಹೇಳಿದ್ದು ಎಂದ ವಾಸುದೇವ, ಹಾಳೆ ತೆಗೆದು ತೋರಿಸಿದ. ಹಾಲಸಿದ್ದಪ್ಪ ಬುತ್ತಿ ಕೆಳಗಿಟ್ಟು, ರುಮಾಲು ತೆಗೆದು, ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡೂ ಕೈ ಮೇಲೆತ್ತಿದ.

"ನಮ್ಮ ಆಳು ಇದುರೀ ರಾಯರ. ಅಳೀರಿ."

ವಾಸುದೇವ ಟೇಪು ಹಿಡಿದ. ಏಳು ಫೂಟು ಆರು ಇಂಚು. ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದು ಮತ್ತೊಮ್ಮೆ ಹಿಡಿದ. ಅಷ್ಟೇ ಬಂತು. ಕಾಟಿನ ಮೇಲೆ ಕೂತುಬಿಟ್ಟ. ಕೈ ಇಳಿಸಲು ಹೇಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ಹಾಲಸಿದ್ದಪ್ಪ ಎತ್ತಿದ ಕೈಯಲ್ಲೇ ಕೇಳಿದ:

"ನಮ್ಮ ಆಳು ನಿಮ್ಮ ಯಾವ ಪೇಪರನ್ಯಾಗ ಬರ್ತೈತ್ರಿ?"

"ಯಾವದರಾಗೂ ಬರಂಗಿಲ್ಲ ಕಾಕಾ."

ಅಲ್ಲಿಯವರೆಗೆ ಅವನು ಹಾಲಸಿದ್ದಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದವನು.

ನೀರು ಹದಿನೈದಾದರೆ ರಸ್ತೆ ಹದಿನೇಳಕ್ಕೆ ಏರಬೇಕು. ಏರಿದರೆ ಏರಿಯ ಬುಡ ಅಗಲವಾಗಬೇಕು, ಎರಡೂ ಕಡೆಯ ಇಳಿಜಾರು ಉದ್ದವಾಗಬೇಕು, ನೀರು ಹಾಯುವ ಕಿಂಡಿಗಳು ಹೆಚ್ಚಬೇಕು, ಕಲ್ಲಿನ ಲೆಕ್ಕ ತಿರುಗಿ ಹಾಕಬೇಕು. ಹದಿನಾಲ್ಕು ನಕ್ಷೆಯಲ್ಲಿ ಉಳಿಯುವುದು ಊರುಗಳ ಹೆಸರು ಬರೆದ ಮೊದಲನೆಯದೊಂದೇ. ಇಪ್ಪತ್ತನಾಲ್ಕು ತಾಸಿನಲ್ಲಿ ಆಗುವ ಕೆಲಸವಲ್ಲ. ಗಡುವು ತಪ್ಪಿದರೆ ಈ ವರ್ಷ ಪರೀಕ್ಷೆ ಇಲ್ಲ, ಫೀ ಮಾಫಿಯ ಫ್ರೀಶಿಪ್ ಹೋಗುತ್ತದೆ, ಮುಂದಿನ ವರ್ಷ ಓದಿಸುವವರು ಯಾರೂ ಇಲ್ಲ. ಮಗ ಇಂಜಿನಿಯರ್ ಆದನೆಂದು ಭೀಮಾಬಾಯಿಯವರು ಆಗಲೇ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಇದನ್ನೆಲ್ಲ ವಾಸುದೇವ ಮೆಲ್ಲಗೆ, ನೆಲ ನೋಡುತ್ತ ಹೇಳಿದ. ಆಮೇಲೆ ತಲೆ ಎತ್ತಿದ.

"ಕಾಕಾ, ಇದು ಕಟ್ಟೂ ಸೇತುವಿ ಅಲ್ರಿ. ಪರೀಕ್ಷಾದ ಸೇತುವಿ. ಮಾರ್ಕ್ಸ್ ಹಾಕಿ ಕಪಾಟಿನ್ಯಾಗ ಇಡ್ತಾರ. ಇದರ ಮ್ಯಾಲೆ ಒಂದು ಇರುವಿ ಸೈತ ದಾಟಂಗಿಲ್ಲ."

ಹಾಲಸಿದ್ದಪ್ಪನಿಗೆ ಹುಡುಗ ಹೇಳುವುದು ಖರೆ ಎನಿಸಿತು. ಖರೆ ಎನಿಸಿದರೂ ಎದೆಯಲ್ಲಿದ್ದದ್ದು ಇಳಿಯಲಿಲ್ಲ.

"ನಾಳೆ ನೀವು ಕಟ್ಟೂದು ಇದನ್ನ ಕಲತ ಕೈಯಿಂದನ ಅಲ್ಲೇನ್ರಿ?"

ವಾಸುದೇವ ಇನ್ನೊಂದು ದಾರಿ ಹೇಳಿದ. ಹೇಳಿಕೆಯ ಹಾಳೆಯನ್ನೇ ಕಿತ್ತುಬಿಡುತ್ತೇನೆ, ಸ್ಥಳೀಯ ವಿಚಾರಣೆಯಿಂದ ತಿಳಿದುಬಂತು ಎಂದಷ್ಟೇ ಬರೆಯುತ್ತೇನೆ, ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಹಾಲಸಿದ್ದಪ್ಪ ಬಂದದ್ದು ಇದಕ್ಕೇ ಎಂದು ಅವನು ತಿಳಿದಿದ್ದ. ನಿಜ ಹೇಳಬೇಕೆಂದರೆ ಬಸ್ಸು ಹತ್ತುವಾಗ ಹಾಲಸಿದ್ದಪ್ಪನೂ ಹಾಗೇ ತಿಳಿದಿದ್ದ. ಈಗ ಕೈಗೆ ಬಂದಾಗ ಬೇಡವೆನಿಸಿತು. ಹನ್ನೊಂದು ಫೂಟು ನೀರು ಯಾರ ಹೆಸರೂ ಇಲ್ಲದೆ ಅಲ್ಲೇ ನಿಂತಿರುತ್ತದೆ.

"ಹೆಬ್ಬಟ್ಟ ಇರ್ಲಿರಿ. ನೀರ ತಿದ್ರಿ."

೬

ಇಲ್ಲಿಗೆ ಬಂದಾಗಲೆಲ್ಲ ನನ್ನ ಪೆನ್ನು ಕೈಕೊಡುತ್ತದೆ. ಇಲ್ಲಿಂದ ಮುಂದೆ ಮೂರು ಸಲ ಬರೆದಿದ್ದೇನೆ.

ಮೊದಲ ಸಲ: ವಾಸುದೇವ ಗೆಳೆಯರನ್ನು ಕೂಗುತ್ತಾನೆ. ಹನ್ನೆರಡು ಮಂದಿ ಬರುತ್ತಾರೆ, ಒಬ್ಬೊಬ್ಬರೂ ಒಂದೊಂದು ನಕ್ಷೆ ಹಿಡಿಯುತ್ತಾರೆ, ಗಡುವಿಗೆ ಐದು ನಿಮಿಷ ಇರುವಾಗ ಮುಗಿಯುತ್ತದೆ. ಓದಲು ಬಹಳ ಚಲೋ ಇತ್ತು. ಎಷ್ಟು ಚಲೋ ಇತ್ತೆಂದರೆ ನನಗೇ ನಂಬಿಕೆ ಬರಲಿಲ್ಲ.

ಎರಡನೆಯ ಸಲ: ಅವನು ತಿದ್ದುವುದಿಲ್ಲ. ಪಾಸಾಗುತ್ತಾನೆ, ದೊಡ್ಡ ಇಂಜಿನಿಯರ್ ಆಗುತ್ತಾನೆ, ಅವನು ಕಟ್ಟಿಸಿದ ಸೇತುವೆಯೊಂದನ್ನು ಒಂದು ದಿನ ಹೊಳೆ ಒಯ್ಯುತ್ತದೆ. ಇದನ್ನು ಬರೆದು ಮುಗಿಸಿ ನಾಚಿಕೆಯಾಯಿತು. ತಪ್ಪಿಗೆ ಶಿಕ್ಷೆ ಕೊಡಲು ಕಥೆಗಾರ ಕರೆದಾಗೆಲ್ಲ ನೀರು ಬರುವುದಿಲ್ಲ. ಬಂದ ದಿನ ಏನೂ ತಪ್ಪು ಮಾಡದವರ ಬಂಡಿ ಅದರೊಳಗಿರುತ್ತದೆ.

ಮೂರನೆಯ ಸಲ: ಪರೀಕ್ಷಕರ ಮುಂದೆ ಹಾಲಸಿದ್ದಪ್ಪ ಕೈ ಎತ್ತಿ ನಿಲ್ಲುತ್ತಾನೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಹಾಲಸಿದ್ದಪ್ಪನೇ ಇದನ್ನು ತೆಗೆಸಿದ. "ನಾ ಹಾಸ್ಟೆಲ ಬಿಟ್ಟು ಎಲ್ಲಿ ಹೋಗೀನಿ? ಸುಮ್ನ ನನ್ನ ನಾಟಕದಾಗ ಕುಣಸಬ್ಯಾಡ" ಎಂದ.

ಪಾಸಾದವರ ಪಟ್ಟಿಯಲ್ಲಿ ವಾಸುದೇವನ ಹೆಸರಿತ್ತೇ ಎಂದು ನೀವು ಕೇಳಬಹುದು. ಆ ಮಳೆಗಾಲದಲ್ಲೇ ನಮ್ಮ ಗ್ಯಾಂಗನ್ನು ಗಜೇಂದ್ರಗಡದ ಗುಡ್ಡದ ರಸ್ತೆಗೆ ಹಾಕಿದರು. ನವೆಂಬರಿನಲ್ಲಿ ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು, ಫೈಲುಗಳು ಎಲ್ಲೆಲ್ಲಿಗೋ ಹೋದವು. ನರಗುಂದಕ್ಕೆ ಹೋಗಿ ಭೀಮಾಬಾಯಿಯವರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು, ದೂರವೇನಲ್ಲ. ನಾನು ಕೇಳಲಿಲ್ಲ. ಈಗಲೂ ಕೇಳಿಸಬಹುದು, ಕೇಳಿಸುವುದಿಲ್ಲ. ಪಾಸೋ ನಪಾಸೋ ಎಂದು ತಿಳಿದ ಕೂಡಲೇ ನೀವು ಹಾಲಸಿದ್ದಪ್ಪನನ್ನು ಆ ಕೋಣೆಯಲ್ಲಿ ಬಿಟ್ಟು ಎದ್ದು ಹೋಗುತ್ತೀರಿ.

೫ (ಉಳಿದದ್ದು)

ನೀರು ತಿದ್ದಿರಿ ಎಂದ ಮೇಲೆ ಹೆಚ್ಚಿಗೆ ಕಟ್ಟಿದ ರೊಟ್ಟಿಯನ್ನು ಹಾಲಸಿದ್ದಪ್ಪ ಅವನ ಮುಂದೆ ಇಟ್ಟ. ವಾಸುದೇವ ತಿಂದ. ತಿಂದು ಕೈ ತೊಳೆದು, ಒಂದು ಹೊಸ ಹಾಳೆ ತೆಗೆದು ಮೇಜಿನ ಮೇಲಿಟ್ಟ, ಶಾಯಿಯ ಡಬ್ಬಿ ಪಕ್ಕಕ್ಕಿಟ್ಟ. ಹಾಳೆಯ ಮೇಲೆ ಒಂದು ಅಕ್ಷರವೂ ಇರಲಿಲ್ಲ.

"ಕೆಳಗ ಒತ್ರಿ ಕಾಕಾ. ಆಮ್ಯಾಲೆ ಬರಿತೀನಿ."

ಓದಿ ತೋರಿಸಿದ್ದಕ್ಕೆ ಒತ್ತಿಯೇ ಹೀಗಾಗಿತ್ತು. ಬರೆಯದೇ ಇದ್ದದ್ದಕ್ಕೆ ಒತ್ತುವುದೆಂದರೆ ಏನೆಂದು ಹಾಲಸಿದ್ದಪ್ಪನಿಗೆ ಗೊತ್ತಿತ್ತು. ಹಾಗೆ ಒತ್ತಿ ಹೊಲ ಕಳಕೊಂಡವರು ಪ್ರತಿ ಊರಿನಲ್ಲೂ ಇದ್ದರು. ಮೊದಲು ಬರಿ, ಆಮೇಲೆ ಒತ್ತುತ್ತೇನೆ ಎಂದ.

ವಾಸುದೇವ ತಲೆ ಅಲ್ಲಾಡಿಸಿದ.

"ಈಗ ಬರದ್ರ ಹದಿನೈದಂತನ ಬರಿತೀನಿ, ನೀವು ಎದುರಿಗೆ ಇದ್ದೀರಿ. ನೀವು ಹೋದಮ್ಯಾಲೆ ಈ ಹದಿನಾಲ್ಕು ನಕ್ಷಾ ನನ್ನ ಎದುರಿಗೆ ಇರ್ತಾವ. ಆವಾಗ ಇದನ್ನ ಹರದು ಹಳೇದನ್ನ ಕೊಟ್ರ ಯಾರಿಗೆ ಗೊತ್ತಾಗ್ತದ? ಹೆಬ್ಬಟ್ಟಿನ ಕೆಳಗ ನಾನೂ ಈಗನ ಸಹಿ ಮಾಡಿ ಇಡ್ತೀನಿ. ಬರಿಯೂದು ನಾನೊಬ್ಬನ ಇದ್ದಾಗ ಬರಿಬೇಕು, ಅಂದ್ರನ ಅದು ನನ್ನ ಮಾತಾಗ್ತದ."

ಆ ಮಾತು ಹಾಲಸಿದ್ದಪ್ಪನಿಗೆ ಪೂರಾ ತಿಳಿಯಿತೋ ಇಲ್ಲವೋ. ನನಗೂ ತಿಳಿದಿದೆಯೆಂದು ಹೇಳಲಾರೆ. ಅವನು ಹುಡುಗನ ಮುಖ ನೋಡಿದ. ಬಾವುಟ ಇಳಿಸುವ ಮುಂಚೆ ತನ್ನ ಮುಖವನ್ನು ಹೀಗೆ ಯಾರಾದರೂ ನೋಡಿದ್ದರೆ ಎಂದು ಅನಿಸಿತಂತೆ. (ಇದನ್ನು ಅವನೇ ಹೇಳಿದ್ದು. ನನ್ನ ಮಣ್ಣಲ್ಲ.)

ಶಾಯಿಗೆ ಬೆರಳು ಮುಟ್ಟಿಸಿ, ಖಾಲಿ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿದ. ವಾಸುದೇವ ಅದರ ಕೆಳಗೆ ಸಹಿ ಮಾಡಿ, ಮಸಿ ಆರಲೆಂದು ಹಾಳೆಯನ್ನು ಕಿಡಕಿಯ ಬಿಸಿಲಿಗೆ ಹಿಡಿದ.

ಯಾಕೆ ಒತ್ತಿದೆ ಎಂದು ಎಷ್ಟೋ ವರ್ಷದ ಮೇಲೆ ಕೇಳಿದ್ದೆ. "ಅವನೂ ಏನರ ಹೊರಬೇಕಲ್ಲೋ" ಎಂದಿದ್ದ. ಹಾಳೆಯ ಮೇಲುಭಾಗದಲ್ಲಿ ವಾಸುದೇವ ಕಡೆಗೆ ಏನು ಬರೆದನೆಂದು ಕೇಳಿದಾಗ, ಅದು ನನ್ನದಲ್ಲ ಎಂದ. ನನ್ನದೂ ಅಲ್ಲ. ಅಷ್ಟು ಜಾಗ ಬಿಟ್ಟ ಮೇಲೆ ಬರೆಯಲು ನನಗೆ ಉಳಿದದ್ದು ಇಷ್ಟೇ: ಹಾಲಸಿದ್ದಪ್ಪ ರುಮಾಲು ಸುತ್ತಿಕೊಂಡು ಮೆಟ್ಟಿಲಿಳಿದ, ಮೂರರ ಬಸ್ಸಿಗೆ ಹೋದ. ಅವತ್ತು ಶುಕ್ರವಾರ, ಗಡುವು ಶನಿವಾರ ಹನ್ನೆರಡಕ್ಕೆ.